ಕಪಾಟಿನೊಳಗಿನ ಖಾಲಿ ಎತ್ತರ: ಕಾರವಾರದ ಒಂದು ಸಣ್ಣ ಅಡುಗೆಮನೆಯ ಅನುಭವ

ಕಾರವಾರದಲ್ಲಿ ನಾವಿರುವ ಫ್ಲ್ಯಾಟಿನ ಅಡುಗೆಮನೆ 8 ಅಡಿ ಉದ್ದ, 6 ಅಡಿ ಅಗಲದ್ದು. ಕಟ್ಟೆಯ ಕೆಳಗೆ ಮೂರು ಕಪಾಟುಗಳು, ಕಟ್ಟೆಯ ಮೇಲ್ಗಡೆ ಗೋಡೆಗೆ ಎರಡು, ಅವುಗಳ ಮೇಲೊಂದು ಗಿಡ್ಡ ಲಾಫ್ಟ್. ನಾಲ್ಕು ಜನರ ದಿನಸಿ, ದಿನಬಳಕೆಯ ಪಾತ್ರೆಗಳು, ಅದರ ಜೊತೆಗೆ ಬೇಸಿಗೆ ಮುಗಿಯುವ ಹೊತ್ತಿಗೆ ಶಿರಸಿಯ ತವರುಮನೆಯಿಂದ ಬರುವ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಮುರುಗಲು ಸಿಪ್ಪೆ, ಜೋನಿಬೆಲ್ಲ ಇವೆಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಇನ್ನೊಂದು ಕಪಾಟು ಕೂರಿಸಲು ಗೋಡೆ ಉಳಿದಿಲ್ಲದ ಕಾರಣ, ಇರುವ ಕಪಾಟುಗಳ ಒಳಗೇ ಜಾಗ ಹುಡುಕುವುದು ಅನಿವಾರ್ಯವಾಯಿತು. ಹುಡುಕಿದಾಗ ಸಿಕ್ಕಿದ್ದು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚು, ಮತ್ತು ಅದರಲ್ಲಿ ಬಹುಪಾಲು ಹಲಗೆಯಿಂದ ಹಲಗೆಗಿರುವ ಎತ್ತರದಲ್ಲೇ ಅಡಗಿತ್ತು.

ಮೊದಲು ಎಲ್ಲವನ್ನೂ ಹೊರತೆಗೆದು ನಡುಮನೆಯ ನೆಲದ ಮೇಲೆ ಹರವಿ, ಟೇಪು ಹಿಡಿದು ಕಪಾಟುಗಳ ಒಳಗಿನ ಅಳತೆ ತೆಗೆದೆ. ಹೊರಗಿನ ಅಳತೆಯನ್ನು ನಂಬಿ ಡಬ್ಬಿ ಕೊಳ್ಳುವುದು ಸರಿಯಲ್ಲ. ಪ್ಲೈವುಡ್ಡಿನ ದಪ್ಪ, ಒಳಕ್ಕೆ ಚಾಚಿಕೊಂಡಿರುವ ಹಿಂಜು, ಹಿಂಬದಿಯ ಹಲಗೆ ಎಲ್ಲವೂ ಸೇರಿ ಒಂದೊಂದು ಬದಿಯಲ್ಲೂ ಮುಕ್ಕಾಲು ಇಂಚಿನಿಂದ ಒಂದೂವರೆ ಇಂಚಿನವರೆಗೆ ಕಡಿಮೆಯಾಗುತ್ತದೆ. ನಮ್ಮ ಮೇಲಿನ ಕಪಾಟುಗಳು 30 ಇಂಚು ಎತ್ತರದವು, ನಡುವೆ ಒಂದೇ ಹಲಗೆ. ಅಂದರೆ ಮೇಲೊಂದು, ಕೆಳಗೊಂದು, ತಲಾ ಸುಮಾರು 14 ಇಂಚು ಎತ್ತರದ ಎರಡು ಅಂಕಣಗಳು. ಅವುಗಳಲ್ಲಿ ನಿಲ್ಲುತ್ತಿದ್ದ ಡಬ್ಬಿಗಳಾದರೋ 5ರಿಂದ 8 ಇಂಚಿನವು. ಹೀಗಾಗಿ ಪ್ರತಿ ಡಬ್ಬಿಯ ತಲೆಯ ಮೇಲೂ ಅದರಷ್ಟೇ ಎತ್ತರದ ಜಾಗ ಬರಿದಾಗಿತ್ತು. ಆ ಜಾಗವನ್ನು ಬಳಸಲೆಂದು ಡಬ್ಬಿಯ ಮೇಲೆ ಡಬ್ಬಿ ಪೇರಿಸಿದರೆ ಕೆಳಗಿನದು ಬೇಕಾದಾಗಲೆಲ್ಲ ಮೇಲಿನದನ್ನು ಇಳಿಸಬೇಕು, ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗ ಅದಕ್ಕೆ ಯಾರಿಗೂ ವ್ಯವಧಾನ ಇರುವುದಿಲ್ಲ.

ಇದಕ್ಕೆ ಪರಿಹಾರ ಇನ್ನೊಂದು ಹಲಗೆ. ಕಾರ್ಖಾನೆಯಲ್ಲಿ ತಯಾರಾದ ಕಪಾಟುಗಳ ಒಳಬದಿಯಲ್ಲಿ 32 ಮಿಲಿಮೀಟರ್ ಅಂತರದಲ್ಲಿ 5 ಮಿಲಿಮೀಟರ್ ವ್ಯಾಸದ ತೂತುಗಳ ಸಾಲೊಂದು ಇರುತ್ತದೆ. ಅದು ಹಲಗೆಯನ್ನು ಏರಿಸಿ ಇಳಿಸಲೆಂದೇ ಮಾಡಿದ ವ್ಯವಸ್ಥೆ, ನಾಲ್ಕು ಸಣ್ಣ ಪಿನ್ನುಗಳನ್ನು ಬೇಕಾದ ತೂತಿಗೆ ಸಿಕ್ಕಿಸಿದರೆ ಮುಗಿಯಿತು. ನಮ್ಮದು ಮರಗೆಲಸದ ಆಚಾರಿಯವರು ಮನೆಯಲ್ಲೇ ಮಾಡಿದ ಕಪಾಟಾದ್ದರಿಂದ ಅವರಿಂದಲೇ ಎರಡೂ ಕಪಾಟುಗಳಿಗೆ ಒಂದೊಂದು ಹಲಗೆ ಹೆಚ್ಚುವರಿಯಾಗಿ ಕೂರಿಸಿಕೊಂಡೆ. ಆದರೆ ಮೂರು ಅಂಕಣಗಳನ್ನು ಸಮನಾಗಿ ಹಂಚಲಿಲ್ಲ. ಡಬ್ಬಿಗಳ ಎತ್ತರ ನೋಡಿಕೊಂಡು ಕೆಳಗಿನದಕ್ಕೆ 7 ಇಂಚು, ನಡುವಿನದಕ್ಕೆ 9, ಮೇಲಿನದಕ್ಕೆ 11 ಇಂಚು ಇರಿಸಿದೆ. ಡಬ್ಬಿಯ ಮುಚ್ಚಳದ ಮೇಲೆ ಒಂದು ಇಂಚು ಬಿಟ್ಟರೆ ಕೈ ಹೋಗುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಒಂದು ಕಪಾಟು 36 ಇಂಚು ಅಗಲ, ಇನ್ನೊಂದು 24, ಆಳ 12 ಇಂಚು. ಎರಡು ಹಲಗೆಗಳಿಂದ ಹೆಚ್ಚುಕಡಿಮೆ 5 ಚದರ ಅಡಿ ಹೊಸ ಜಾಗ ಹುಟ್ಟಿತು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲದವರು ನಾಲ್ಕು ಕಾಲಿನ ಸ್ಟೀಲ್ ಸ್ಟ್ಯಾಂಡನ್ನು ಅಂಕಣದ ಹಿಂಭಾಗದಲ್ಲಿ ನಿಲ್ಲಿಸಿದರೂ ಇದೇ ಕೆಲಸ ಆಗುತ್ತದೆ.

ಡಬ್ಬಿಗಳ ಆಕಾರವೂ ಮುಖ್ಯ. 6 ಇಂಚು ವ್ಯಾಸದ ಗುಂಡು ಡಬ್ಬಿ ಹಲಗೆಯ ಮೇಲೆ 6 ಇಂಚಿನ ಚೌಕವನ್ನೇ ಆಕ್ರಮಿಸುತ್ತದೆ, ಆದರೆ ಆ ಚೌಕದ ನೂರರಲ್ಲಿ 78 ಭಾಗವನ್ನಷ್ಟೇ ತುಂಬುತ್ತದೆ. ಅದೇ ಅಳತೆಯ ಚೌಕ ಡಬ್ಬಿಯಲ್ಲಿ ಗುಂಡು ಡಬ್ಬಿಗಿಂತ ಕಾಲುಭಾಗಕ್ಕೂ ತುಸು ಮಿಗಿಲಾಗಿ ಹೆಚ್ಚುವರಿ ಸಾಮಾನು ಹಿಡಿಯುತ್ತದೆ. ಹಾಗೆಂದು ಮನೆಯಲ್ಲಿರುವ ಗಟ್ಟಿಮುಟ್ಟಾದ ಸ್ಟೀಲ್ ಡಬ್ಬಿಗಳನ್ನು ಎಸೆದು ಹೊಸದು ಕೊಳ್ಳಬೇಕೆಂದು ನಾನು ಹೇಳಲಾರೆ. ನಾನು ಅಕ್ಕಿ, ಬೇಳೆ, ಸಕ್ಕರೆ, ಹಿಟ್ಟುಗಳಿಗೆ ಮಾತ್ರ ಚೌಕದ ಡಬ್ಬಿ ತಂದು, ಗುಂಡು ಡಬ್ಬಿಗಳನ್ನು ಹಪ್ಪಳ ಸಂಡಿಗೆಗಳಿಗೆ ಉಳಿಸಿಕೊಂಡೆ. ಹಪ್ಪಳ ತಾನೇ ಗುಂಡಗಿರುವುದರಿಂದ ಅಲ್ಲಿ ಏನೂ ನಷ್ಟವಿಲ್ಲ. ಡಬ್ಬಿ ಕೊಳ್ಳುವಾಗ ಒಂದು ಕಿಲೋ ಅಕ್ಕಿಗೆ ಅಥವಾ ಬೇಳೆಗೆ ಸುಮಾರು ಒಂದೂಕಾಲು ಲೀಟರ್, ಒಂದು ಕಿಲೋ ಗೋಧಿಹಿಟ್ಟಿಗೆ ಎರಡು ಲೀಟರಿಗೆ ಹತ್ತಿರ ಎಂದು ಲೆಕ್ಕ ಹಾಕಿಕೊಂಡರೆ ಅರ್ಧ ಖಾಲಿಯ ಡಬ್ಬಿ ಜಾಗ ತಿನ್ನುವುದು ತಪ್ಪುತ್ತದೆ. ಅವಲಕ್ಕಿ ಹಗುರ, ಅದಕ್ಕೆ ಇನ್ನೂ ದೊಡ್ಡದು ಬೇಕು.

ಜೋಡಿಸುವ ಕ್ರಮದಲ್ಲಿ ನಾನು ಮಾಡಿಕೊಂಡ ಒಂದು ಬದಲಾವಣೆ ಎಲ್ಲಕ್ಕಿಂತ ಹೆಚ್ಚು ಉಪಕಾರಕ್ಕೆ ಬಂದಿದೆ. ಬೇಳೆಗಳೆಲ್ಲ ಮುಂದಿನ ಸಾಲಿನಲ್ಲಿ ಅಡ್ಡಕ್ಕೆ, ಹಿಂದಿನ ಸಾಲಿನಲ್ಲಿ ಮತ್ತೇನೋ ಎಂಬಂತೆ ಇಡುವುದನ್ನು ಬಿಟ್ಟು, ಒಂದೊಂದು ಪದಾರ್ಥಕ್ಕೂ ಮುಂದಿನಿಂದ ಹಿಂದಕ್ಕೆ ಒಂದು ಸಾಲು ಕೊಟ್ಟೆ. ಮುಂದಿರುವುದು ಬಳಕೆಯ ತೊಗರಿಬೇಳೆ, ಅದರ ಹಿಂದಿರುವುದು ತೊಗರಿಬೇಳೆಯ ಇನ್ನೂ ತೆರೆಯದ ಪೊಟ್ಟಣ. ಹಿಂದೆ ಏನಿದೆಯೆಂದು ನೆನಪಿಡುವ ಅಗತ್ಯವೇ ಬರುವುದಿಲ್ಲ, ಭಾನುವಾರದ ಸಂತೆಗೆ ಹೊರಡುವ ಮುನ್ನ ಕದ ತೆರೆದು ಒಮ್ಮೆ ಕಣ್ಣಾಡಿಸಿದರೆ ಯಾವ ಸಾಲು ಗಿಡ್ಡವಾಗಿದೆಯೆಂದು ತಿಳಿಯುತ್ತದೆ, ಮನೆಯಲ್ಲಿರುವುದನ್ನೇ ಮತ್ತೆ ತರುವುದು ನಿಲ್ಲುತ್ತದೆ.

ಕಟ್ಟೆಯ ಕೆಳಗಿನ ಕಪಾಟುಗಳ ಸಮಸ್ಯೆ ಆಳದ್ದು. 21 ಇಂಚು ಆಳದ ಕಪಾಟಿನಲ್ಲಿ ಹಿಂದಿನ ಅರ್ಧಕ್ಕೆ ಬೆಳಕು ಹೋಗುವುದಿಲ್ಲ, ಕೈ ಹೋಗಬೇಕಾದರೆ ನೆಲದ ಮೇಲೆ ಕೂರಬೇಕು. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ಕುಕ್ಕರು, ಕಡಾಯಿಗಳಿದ್ದ ಕಪಾಟಿನೊಳಗೆ ಎರಡು ಎಳೆಯುವ ಟ್ರೇಗಳನ್ನು ಮಾಡಿಸಿದ್ದು ಮುಖ್ಯವಾಗಿ ಅವರಿಗಾಗಿ. ಟ್ರೇ ಮಾಡಿಸುವವರು ಗಮನಿಸಬೇಕಾದದ್ದೆಂದರೆ, ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಟ್ರೇ ಜಾರಿ ಹೊರಬರಲು ಬದಿಗೆ ಕೂರಿಸುವ ಲೋಹದ ಹಳಿ, ಒಂದೊಂದು ಬದಿಯಲ್ಲೂ ಅರ್ಧ ಇಂಚು ಕೇಳುತ್ತದೆ, ಹೀಗಾಗಿ ಟ್ರೇಯ ಅಗಲ ಒಳ ಅಳತೆಗಿಂತ ಒಂದು ಇಂಚು ಕಡಿಮೆ ಇರಬೇಕು. ಕದದ ಹಿಂಜು ಅಡ್ಡ ಬರುವಲ್ಲಿ ಚಾನೆಲ್ಲಿನ ಹಿಂದೆ ಮರದ ರೀಪು ಕೊಟ್ಟು ಅದನ್ನು ತುಸು ಒಳಕ್ಕೆ ತರಬೇಕು. ಪೇಟೆಯಲ್ಲಿ ಸಿಗುವ ಸಾಮಾನ್ಯ ಚಾನೆಲ್ಲುಗಳು 35ರಿಂದ 45 ಕಿಲೋ ಹೊರುತ್ತವೆ, ಅಡುಗೆಮನೆಗೆ ಅದು ಧಾರಾಳವಾಯಿತು. ಆದರೆ ಸಮುದ್ರದ ಉಪ್ಪುಗಾಳಿಯಲ್ಲಿ ಸತುವಿನ ಲೇಪದ ಚಾನೆಲ್ ಬಲುಬೇಗ ತುಕ್ಕು ಹಿಡಿಯುವುದನ್ನು ಇಲ್ಲಿಯ ಮನೆಗಳಲ್ಲೆಲ್ಲ ನೋಡಿದ್ದೇನೆ. ದುಬಾರಿಯಾದರೂ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಿಸಿದೆ, ಹಲಗೆಗಳಿಗೂ ಐಎಸ್ 710 ಮುದ್ರೆಯ ನೀರು ತಡೆಯುವ ಪ್ಲೈವುಡ್ಡನ್ನೇ ಆರಿಸಿ, ಕೊಯ್ದ ಅಂಚುಗಳನ್ನೆಲ್ಲ ಪಟ್ಟಿ ಅಂಟಿಸಿ ಮುಚ್ಚಿಸಿದೆ. ಪ್ಲೈವುಡ್ ತೇವ ಕುಡಿಯಲು ಆರಂಭಿಸುವುದು ಯಾವಾಗಲೂ ಅಂಚಿನಿಂದ. ಹಣ ಉಳಿಸಬೇಕೆಂದಿದ್ದರೆ ಬೇರೆಲ್ಲಿಯಾದರೂ ಉಳಿಸಬಹುದು, ಕರಾವಳಿಯಲ್ಲಿ ಇಲ್ಲಿ ಉಳಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೆರಡು ಕೆಳ ಕಪಾಟುಗಳಲ್ಲಿ ಒಂದು ಗ್ಯಾಸ್ ಸಿಲಿಂಡರಿನದು. 14.2 ಕಿಲೋದ ಸಿಲಿಂಡರಿನ ಸುತ್ತ ಉಳಿಯುವ ಜಾಗಕ್ಕೆ ಚೀಲ, ಕಾಗದ, ಎಣ್ಣೆಯ ಕ್ಯಾನು ತುರುಕುವ ಆಸೆ ಎಲ್ಲರಿಗೂ ಆಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಹೋಗದೆ ನೆಲಮಟ್ಟದಲ್ಲೇ ತುಂಬಿ ನಿಲ್ಲುತ್ತದೆ. ಆದ್ದರಿಂದ ಆ ಕಪಾಟಿನ ಕದವನ್ನೇ ತೆಗೆಸಿಹಾಕಿ, ರೆಗ್ಯುಲೇಟರಿಗೆ ಅಡೆತಡೆಯಿಲ್ಲದೆ ಕೈ ತಲುಪುವಂತೆ ಪೂರ್ತಿ ತೆರವಾಗಿ ಇಟ್ಟಿದ್ದೇನೆ. ಜಾಗ ಎಷ್ಟೇ ಕಿರಿದಿರಲಿ, ಇದೊಂದನ್ನು ಲೆಕ್ಕದಿಂದ ಹೊರಗಿಡಬೇಕು. ಸಿಂಕಿನ ಕೆಳಗಿನ ಕಪಾಟು ಸದಾ ತೇವ. ಅಲ್ಲಿ ಪೈಪಿನ ಬದಿಗೊಂದು ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಪಾತ್ರೆ ತೊಳೆಯುವ ಸಾಬೂನು, ನಾರು, ಬ್ರಷ್ಷು.

ಮಳೆಗಾಲದ ಮಾತಿಗೆ ಬರುತ್ತೇನೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಯಲುಸೀಮೆಯ ಅಡುಗೆಮನೆಗೆ ಹೇಳಿದ ಉಪಾಯಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ, ಅಂದರೆ ಕಪಾಟನ್ನು ಒಂದಿಂಚೂ ಬಿಡದೆ ತುಂಬಿದರೆ, ಆಷಾಢದ ಹೊತ್ತಿಗೆ ಹಿಂದಿನ ಸಾಲಿನ ಡಬ್ಬಿಗಳ ಬೆನ್ನಿಗೆ ಬೂಷ್ಟು ಬರುತ್ತದೆ. ನಮ್ಮ ಮೇಲಿನ ಕಪಾಟುಗಳು ಇರುವ ಗೋಡೆ ಪಡುವಣಕ್ಕೆ ಮುಖ ಮಾಡಿದ ಹೊರಗೋಡೆ. ಗಾಳಿಮಳೆ ನೇರವಾಗಿ ಅದಕ್ಕೇ ಬಡಿಯುತ್ತದೆ. ಇದಕ್ಕೆ ಪ್ರತಿ ಹಲಗೆಯ ಹಿಂದಿನ ಅಂಚಿನ ಉದ್ದಕ್ಕೂ ಒಂದೂವರೆ ಇಂಚು ಅಗಲದ ರೀಪನ್ನು ಅಂಟಿಸಿಕೊಂಡೆ. ಡಬ್ಬಿಯನ್ನು ಎಷ್ಟೇ ಹಿಂದಕ್ಕೆ ತಳ್ಳಿದರೂ ಅದು ರೀಪಿಗೆ ತಾಗಿ ನಿಲ್ಲುತ್ತದೆ, ಹಿಂದಿನ ಹಲಗೆಗೂ ಡಬ್ಬಿಗೂ ನಡುವೆ ಗಾಳಿ ಆಡುತ್ತದೆ. ಒಂದೂವರೆ ಇಂಚು ಕಳೆದುಕೊಂಡು ಉಳಿದ ಹತ್ತೂವರೆ ಇಂಚನ್ನು ವರ್ಷವಿಡೀ ನಿಶ್ಚಿಂತೆಯಿಂದ ಬಳಸುವುದು ಲಾಭವೇ ಸರಿ. ಕದಗಳ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ನಾಲ್ಕಾರು ಸಣ್ಣ ತೂತು ಕೊರೆಸಿ, ಜಿರಳೆ ನುಗ್ಗದಂತೆ ಒಳಗಿನಿಂದ ಸೊಳ್ಳೆಜಾಲಿ ಅಂಟಿಸಿದ್ದೇನೆ.

ಪದಾರ್ಥಗಳ ಸ್ಥಾನವನ್ನೂ ತೇವವೇ ನಿರ್ಧರಿಸುತ್ತದೆ. ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇಕಡಾ 75 ದಾಟಿದರೆ ನೀರು ಹೀರಿ ಕರಗಲು ತೊಡಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪಿನಲ್ಲಿ ಸಮುದ್ರದ ಇತರ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಅದನ್ನು ಸ್ಟೀಲ್ ಡಬ್ಬಿಯಲ್ಲಿ ಕಪಾಟಿನೊಳಗೆ ಇಟ್ಟರೆ ಡಬ್ಬಿಯೂ ಹಾಳು, ಪಕ್ಕದ ಹಿಂಜೂ ಹಾಳು. ಹಾಗಾಗಿ ಉಪ್ಪು ಪಿಂಗಾಣಿ ಭರಣಿಯಲ್ಲಿ, ಕಟ್ಟೆಯ ಮೇಲೆ, ಒಲೆಯಿಂದ ಒಂದು ಮೊಳ ದೂರದಲ್ಲಿದೆ. ಮಿಡಿ ಉಪ್ಪಿನಕಾಯಿಯ ದೊಡ್ಡ ಭರಣಿ ಕೆಳ ಕಪಾಟಿನ ನೆಲಕ್ಕೆ, ಟ್ರೇಯಿಂದ ದೂರವಾಗಿ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ಸಣ್ಣ ಗಾಜಿನ ಜಾಡಿಗೆ ತೆಗೆದುಕೊಂಡು ದೊಡ್ಡದರ ಬಾಯಿ ಕಟ್ಟಿಬಿಡುತ್ತೇನೆ. ಜೋನಿಬೆಲ್ಲದ ಪಾತ್ರೆಗೆ ಅಂಚಿರುವ ಒಂದು ತಟ್ಟೆ ಕಾಯಂ. ಸೋರಿದ ಬೆಲ್ಲ ಹಲಗೆಗೆ ಇಳಿದರೆ ಇರುವೆಯ ಸಾಲು ಇಡೀ ಕಪಾಟಿಗೆ ಹಬ್ಬುತ್ತದೆ. ಮಸಾಲೆಗಳು ಒಲೆಯ ನೇರ ಮೇಲಿನ ಕಪಾಟಿನಲ್ಲಿರಬಾರದು, ಏಕೆಂದರೆ ಬಿಸಿ ಮತ್ತು ಹಬೆ ಎರಡೂ ಅವುಗಳ ಪರಿಮಳವನ್ನು ಕಳೆಯುತ್ತವೆ. ಅಲ್ಲಿ ನಾನು ತಟ್ಟೆ ಲೋಟಗಳನ್ನಿಟ್ಟು, ಮಸಾಲೆಗಳನ್ನು ಪಕ್ಕದ ಕಪಾಟಿನ 7 ಇಂಚಿನ ಅಂಕಣಕ್ಕೆ ತಂದೆ. ಮಳೆಗಾಲದಲ್ಲಿ ಕಾಗದದ ಚೀಟಿ ಉದುರಿಹೋಗುವುದರಿಂದ ಹೆಸರುಗಳನ್ನು ಬಣ್ಣದ ಮಾರ್ಕರಿನಿಂದ ನೇರವಾಗಿ ಡಬ್ಬಿಯ ಮೇಲೆಯೇ ಬರೆದಿದ್ದೇನೆ, ಹಲಗೆಯ ಮೇಲಿನವಕ್ಕೆ ಮೈಮೇಲೆ, ಟ್ರೇಯಲ್ಲಿರುವವಕ್ಕೆ ಮುಚ್ಚಳದ ಮೇಲೆ.

ಕೆಲವು ವಸ್ತುಗಳನ್ನು ಕಪಾಟಿನೊಳಕ್ಕೆ ಸೇರಿಸಲೇಬಾರದು. ಕುಮಟಾದ ಸಿಹಿ ಈರುಳ್ಳಿಯನ್ನು ಬೆಳೆದವರೇ ಗೊಂಚಲು ಕಟ್ಟಿ ಮಾರುತ್ತಾರೆ, ಅದನ್ನು ಗಾಳಿಯಾಡುವಲ್ಲಿ ತೂಗುಹಾಕಿದರೆ ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಅದು ಬಾಲ್ಕನಿಯ ಸೂರಿನ ಕೆಳಗೆ, ಮಳೆಯ ಎರಚಲು ತಾಗದ ಮೂಲೆಯಲ್ಲಿ ತೂಗುತ್ತದೆ, ಬಾಳೆಗೊನೆಯೂ ಅಲ್ಲಿಯೇ. ತೆಂಗಿನಕಾಯಿಗಳು ಸಿಲಿಂಡರಿನ ಹತ್ತಿರವೂ ಅಲ್ಲ, ಕಪಾಟಿನಲ್ಲೂ ಅಲ್ಲ, ಬಾಗಿಲ ಹಿಂದಿನ ಬುಟ್ಟಿಯಲ್ಲಿವೆ.

ಎತ್ತರದ ಹಂಚಿಕೆಯಲ್ಲಿ ಮನೆಯವರ ದೇಹವೇ ಅಳತೆಗೋಲು. ಅತ್ತೆಯವರು ಕಟ್ಟೆಯ ಮುಂದೆ ನಿಂತು ಬಗ್ಗದೆ, ಹಿಮ್ಮಡಿ ಎತ್ತದೆ ಎಲ್ಲಿಂದ ಎಲ್ಲಿಯವರೆಗೆ ಮುಟ್ಟಬಲ್ಲರೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೆವು. ಸೊಂಟದಿಂದ ಕಣ್ಣಿನ ಮಟ್ಟದವರೆಗಿನ ಆ ಪಟ್ಟಿಯಲ್ಲಿ ಚಹಾಪುಡಿ, ಸಕ್ಕರೆ, ಅವಲಕ್ಕಿ, ಮಸಾಲೆ, ಅವರ ಮಾತ್ರೆಗಳ ಡಬ್ಬಿ ಇಷ್ಟೇ ಇರಬೇಕೆಂದು ಅವರೇ ತೀರ್ಮಾನಿಸಿದರು. ಭಾರದವು ಕೆಳಗೆ, ಹಗುರವಾದವು ಮೇಲೆ. ಚೌತಿಗೆ ಮಾತ್ರ ಹೊರಬರುವ ದೊಡ್ಡ ಪಾತ್ರೆಗಳು, ಚಕ್ಕುಲಿ ಒರಳು, ಕಡುಬು ಬೇಯಿಸುವ ಪಾತ್ರೆ ಲಾಫ್ಟಿಗೆ ಹೋದವು, ಒಂದರೊಳಗೊಂದು ಕೂತು, ನಡುವೆ ಹಳೆಯ ಹತ್ತಿಬಟ್ಟೆ.

ಕದಗಳ ಒಳಮೈಯನ್ನು ನಾನು ಕಡಿಮೆ ಬಳಸಿದ್ದೇನೆ. ಅಲ್ಲಿ ಜಾಡಿಗಳ ಸ್ಟ್ಯಾಂಡು ಹಾಕಿದರೆ ಹಿಂಜಿನ ಮೇಲೆ ಭಾರ ಬಿದ್ದು ಕದ ಜೋತುಬೀಳುತ್ತದೆ, ಕದ ಮುಚ್ಚಬೇಕಾದರೆ ಒಳಗಿನ ಹಲಗೆಯನ್ನೂ ಮೂರು ಇಂಚು ಕೊಯ್ಯಬೇಕಾಗುತ್ತದೆ. ಪಾತ್ರೆಗಳ ಮುಚ್ಚಳ ಸಿಕ್ಕಿಸಲು ಎರಡು ಸ್ಟೀಲ್ ಸರಳು, ಅಳತೆಯ ಚಮಚಗಳಿಗೆ ಒಂದು ಕೊಕ್ಕೆ, ಅಷ್ಟು ಸಾಕಾಯಿತು. ಅಂಟಿಸುವ ಕೊಕ್ಕೆಗಳು ಇಲ್ಲಿಯ ತೇವಕ್ಕೆ ನಿಲ್ಲುವುದಿಲ್ಲ, ಸಣ್ಣ ಸ್ಕ್ರೂ ಹಾಕುವುದೇ ಉತ್ತಮ. ನವರಾತ್ರಿಯ ಸುಮಾರಿಗೆ ಬಿಸಿಲು ಗಟ್ಟಿಯಾದಾಗ ಎಲ್ಲವನ್ನೂ ಒಮ್ಮೆ ಇಳಿಸಿ, ಹಲಗೆಗಳನ್ನು ಬಿಸಿಲಿಗೊಡ್ಡಿ, ಚಾನೆಲ್ಲುಗಳಿಗೆ ಒಂದೆರಡು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು ಮತ್ತೆ ಜೋಡಿಸುತ್ತೇನೆ. ಹಲಗೆಗಳನ್ನು ತಿರುಪಿನಿಂದ ಬಿಗಿಯದೆ ಪಿನ್ನುಗಳ ಮೇಲೆ ಸುಮ್ಮನೆ ಕೂರಿಸಲು ಆಚಾರಿಯವರಿಗೆ ಹೇಳಿದ್ದು ಈ ಕೆಲಸಕ್ಕಾಗಿಯೇ.