ಪಾದ ತಿರುಗಿಸುವ ಮುಂಚೆ ಮಂಡಿ ನೋಡಿ

ಬೆಂಗಳೂರಲ್ಲಿ ಬ್ಯಾಲೆ ಕಲಿಯುತ್ತಿರುವವರಿಗೆ, ಅದರಲ್ಲೂ ದೊಡ್ಡವರಾದ ಮೇಲೆ ಶುರು ಮಾಡಿದವರಿಗೆ ಒಂದು ಮಾತು. ಟರ್ನ್‌ಔಟ್, ಅಂದರೆ ಕಾಲನ್ನು ಹೊರಕ್ಕೆ ತಿರುಗಿಸುವುದು, ಬರಬೇಕಾದದ್ದು ತೊಡೆ ಸೊಂಟಕ್ಕೆ ಸೇರುವ ಕೀಲಿನಿಂದ. ಕನ್ನಡಿಯಲ್ಲಿ 180 ಡಿಗ್ರಿ ಕಾಣಲಿ ಅಂತ ಪಾದವನ್ನಷ್ಟೇ ತಿರುಚಿದರೆ ಭಾರ ಬೀಳುವುದು ಮಂಡಿಗೆ.

ಫಸ್ಟ್ ಪೊಸಿಷನ್‌ನಲ್ಲಿ (ಹಿಮ್ಮಡಿ ಜೋಡಿಸಿ, ಪಾದ ಹೊರಕ್ಕೆ ತಿರುಗಿಸಿ) ನಿಂತು ಪ್ಲಿಯೇ ಮಾಡಿ, ಅಂದರೆ ಮಂಡಿ ಬಗ್ಗಿಸಿ ನೋಡಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರದೆ ಒಳಗೆ ವಾಲಿದರೆ ಪಾದದ ಕೋನ ಕಮ್ಮಿ ಮಾಡಿ. ನಾಚಿಕೆ ಬೇಡ. ಭರತನಾಟ್ಯದ ಅರಮಂಡಿಯಲ್ಲೂ ಇದೇ ಲೆಕ್ಕ ಅಲ್ವಾ?

ಟರ್ನ್‌ಔಟ್‌ಗೆ ಬೇಕಾದ ಶಕ್ತಿ ಬೆಳೆಸಲು ಒಂದು ಪಕ್ಕಕ್ಕೆ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಜೋಡಿಸಿಕೊಂಡು ಮೇಲಿನ ಮಂಡಿಯನ್ನಷ್ಟೇ ನಿಧಾನವಾಗಿ ತೆರೆಯಿರಿ. ಸೊಂಟ ಹಿಂದಕ್ಕೆ ಉರುಳಬಾರದು. ಗೋಡೆಗೆ ಬೆನ್ನು ಕೊಟ್ಟರೆ ಉರುಳಿದ್ದು ತಕ್ಷಣ ಗೊತ್ತಾಗುತ್ತದೆ. ಜಾಸ್ತಿ ಎತ್ತುವುದು ಮುಖ್ಯವಲ್ಲ, ಪೃಷ್ಠದ ಸ್ನಾಯು ಬಿಗಿಯಾಗಬೇಕು. ಮಂಡಿ ನೋವಿದ್ದರೆ ಮೊದಲು ಫಿಸಿಯೋಗೆ ತೋರಿಸಿ.