ಜನ ಮೆಚ್ಚದ ಅಧ್ಯಕ್ಷರ ವಿದೇಶಾಂಗ ನೀತಿಯನ್ನು ತೂಗುವುದು ಹೇಗೆ

ಶಿವಮೊಗ್ಗದ ಕಾಲೇಜಿನ ಚರ್ಚಾಸ್ಪರ್ಧೆಯಿರಲಿ, ಶಂಕರಘಟ್ಟದ ಎಂಎ ಸೆಮಿನಾರಿರಲಿ, ಈ ವಿಷಯ ಸಿಕ್ಕವರು ಸಾಮಾನ್ಯವಾಗಿ ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್ ಅವರಿಂದ ಶುರುಮಾಡುತ್ತಾರೆ. 1952ರ ಫೆಬ್ರವರಿಯ ಗ್ಯಾಲಪ್ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇ. 22 ಮಾತ್ರ, ಇಂದು ಇತಿಹಾಸಕಾರರ ಪಟ್ಟಿಗಳಲ್ಲಿ ಅವರು ಮೊದಲ ಹತ್ತರೊಳಗಿದ್ದಾರೆ. ಹಾಗಾಗಿ ಈಗ ಬೈಸಿಕೊಳ್ಳುವವರೂ ಮುಂದೆ ಹೊಗಳಿಸಿಕೊಳ್ಳುತ್ತಾರೆ ಎಂಬ ತೀರ್ಮಾನಕ್ಕೆ ಹಾರುವುದೇ ಮೊದಲ ತಪ್ಪು. ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅರ್ಧ ಶತಮಾನ ಕಳೆದರೂ ಅಂಥ ಅದೃಷ್ಟ ಒದಗಿಲ್ಲ.

ಇಡೀ ಅಧ್ಯಕ್ಷಗಿರಿಯನ್ನು ತೂಗಲು ಹೋಗಬೇಡಿ, ಒಂದು ನಿರ್ಧಾರ ಹಿಡಿಯಿರಿ. ಎರಡನೇ ಮಹಾಯುದ್ಧದಲ್ಲಿ ನಲುಗಿದ ಯುರೋಪಿಗೆ ಮಾರ್ಷಲ್ ಯೋಜನೆಯಲ್ಲಿ ಸುಮಾರು 1,300 ಕೋಟಿ ಡಾಲರ್ ಕೊಟ್ಟವರೂ ಟ್ರೂಮನ್, 1950ರಲ್ಲಿ ಕೊರಿಯಾ ಯುದ್ಧದ ವೇಳೆ ಸೇನೆ ಉತ್ತರ–ದಕ್ಷಿಣ ಕೊರಿಯಾಗಳ ನಡುವಿನ 38ನೇ ಅಕ್ಷಾಂಶ ದಾಟಿ ಚೀನಾದ ಗಡಿಯತ್ತ ನುಗ್ಗಲು ಒಪ್ಪಿದವರೂ ಅವರೇ. ಎರಡರ ಸರಾಸರಿ ತೆಗೆದರೆ ಎರಡೂ ಅರ್ಥವಾಗುವುದಿಲ್ಲ.

ಆಮೇಲೆ, ಜನ ಮುನಿದದ್ದು ಯಾಕೆಂದು ನೋಡಿ. 1974ರ ಆಗಸ್ಟ್‌ನಲ್ಲಿ ನಿಕ್ಸನ್ ಶೇ. 24ಕ್ಕೆ ಕುಸಿದದ್ದು ವಾಟರ್‌ಗೇಟ್ ಹಗರಣದಿಂದ, ಚೀನಾ ನೀತಿಯಿಂದಲ್ಲ. ಕಾರ್ಟರ್ ಮೇಲಿನ ಸಿಟ್ಟಿನಲ್ಲಿ ಪೆಟ್ರೋಲ್ ಸಾಲು, ಬೆಲೆಯೇರಿಕೆ, ಇರಾನಿನಲ್ಲಿ 444 ದಿನ ಒತ್ತೆಯಾಳಾದವರ ಸಂಕಟ ಎಲ್ಲವೂ ಬೆರೆತಿದ್ದವು. ನೀವು ಆರಿಸಿಕೊಂಡ ನಿರ್ಧಾರಕ್ಕೆ ಸಂಬಂಧಿಸದ ಸಿಟ್ಟನ್ನು ಬದಿಗಿಡಿ.

ಈಗ ಒಂದು ಎ4 ಹಾಳೆ ಅಡ್ಡ ಹಿಡಿದು ನಾಲ್ಕು ಕಾಲಂ ಗೀಚಿ: ದಿನಾಂಕ, ಅಂದು ಅಧ್ಯಕ್ಷರಿಗೆ ತಲುಪಿದ್ದ ಮಾಹಿತಿ, ಇದ್ದ ಬೇರೆ ದಾರಿ, ಬೆಲೆ ತೆತ್ತವರು. ಎರಡನೇ ಕಾಲಂ ತುಂಬಲು ಪತ್ರಿಕೆ ಸಾಲದು. ಅಮೆರಿಕದ ವಿದೇಶಾಂಗ ಇಲಾಖೆ ಹೊರತರುವ ‘ಫಾರಿನ್ ರಿಲೇಶನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ದಾಖಲೆ ಸಂಪುಟಗಳು ಅದರ ಜಾಲತಾಣದಲ್ಲಿ ಉಚಿತ. 30 ವರ್ಷದೊಳಗೆ ಪ್ರಕಟಿಸಬೇಕೆಂದು ಕಾನೂನಿದೆ, ಎಷ್ಟೋ ಸಲ ತಡವಾಗುತ್ತದೆ.

1971ನ್ನೇ ತೆಗೆದುಕೊಳ್ಳಿ. ಜುಲೈನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಮರು ಫೆಬ್ರವರಿಯಲ್ಲಿ ನಿಕ್ಸನ್ ಅಲ್ಲಿಗೆ ಹೋದರು. ಇದನ್ನು ಇಂದಿಗೂ ದೊಡ್ಡ ಸಾಧನೆ ಎನ್ನುತ್ತಾರೆ. ಆದರೆ ಎರಡನೇ ಕಾಲಂನಲ್ಲಿ ಏಪ್ರಿಲ್ 6ರ ತಂತಿಯೊಂದು ಬರಬೇಕು. ಆಗ ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದಲ್ಲಿ ಪಾಕಿಸ್ತಾನಿ ಸೇನೆ ಜನರನ್ನು ಕೊಲ್ಲುತ್ತಿತ್ತು; ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಕಳಿಸಿದ್ದ ಆ ತಂತಿ, ಪ್ರಜಾಪ್ರಭುತ್ವದ ಈ ದಮನವನ್ನು ಅಮೆರಿಕ ಸರ್ಕಾರ ಖಂಡಿಸಿಲ್ಲ ಎಂದು ನೇರವಾಗಿಯೇ ಹೇಳಿತ್ತು. ‘ವಾಷಿಂಗ್ಟನ್‌ಗೆ ಗೊತ್ತಿರಲಿಲ್ಲ’ ಎಂಬ ಸಬೂಬು ಅಲ್ಲಿಗೆ ಮುಗಿಯಿತು. ಮೂರನೇ ಕಾಲಂನಲ್ಲಿ ರೊಮೇನಿಯಾ ಎಂದು ಬರೆಯಿರಿ: ಚೀನಾಕ್ಕೆ ಮಾತು ತಲುಪಿಸಲು ಪಾಕಿಸ್ತಾನದ ಜೊತೆಗೆ ಆ ದಾರಿಯನ್ನೂ ನಿಕ್ಸನ್ ಬಳಸಿದ್ದರು. ಅದೊಂದೇ ಸಾಕಾಗುತ್ತಿತ್ತೇ ಎಂಬುದು ವಾದ ಮಾಡಬೇಕಾದ ಜಾಗ. ನಾಲ್ಕನೆಯದರಲ್ಲಿ ಭಾರತಕ್ಕೆ ಓಡಿಬಂದ ಸುಮಾರು ಒಂದು ಕೋಟಿ ನಿರಾಶ್ರಿತರು, ಲೆಕ್ಕ ಇನ್ನೂ ವಿವಾದದಲ್ಲಿರುವ ಸಾವುಗಳು. ಇವರನ್ನು ಬಿಟ್ಟು ಚೀನಾ ಯಾತ್ರೆಯನ್ನು ಹೊಗಳುವುದು, ಶರಾವತಿಯ ಕರೆಂಟನ್ನು ಎಣಿಸಿ ಲಿಂಗನಮಕ್ಕಿಯ ಮುಳುಗಡೆಯವರನ್ನು ಮರೆತಂತೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೀರ್ತಿಯನ್ನೂ ಹಂಚಿ ಬರೆಯಿರಿ. 1978ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಡೇವಿಡ್‌ನ 13 ದಿನಗಳಲ್ಲಿ ಈಜಿಪ್ಟ್, ಇಸ್ರೇಲ್ ನಾಯಕರನ್ನು ಕಾರ್ಟರ್ ಹಟ ಹಿಡಿದು ಶಾಂತಿ ಮಾತುಕತೆಗೆ ಕೂರಿಸಿದ್ದು ನಿಜ, ಆದರೆ ಪ್ರಾಣದ ಹಂಗು ತೊರೆದು ಬಂದವರು ಈಜಿಪ್ಟಿನ ಅಧ್ಯಕ್ಷ ಸಾದಾತ್.

ನಮ್ಮವರು ಹೆಚ್ಚು ಎಡವುವುದು ಜಾರ್ಜ್ ಡಬ್ಲ್ಯು. ಬುಷ್ ವಿಷಯದಲ್ಲಿ. 2008ರ ಅಕ್ಟೋಬರ್ 10ರಂದು ಭಾರತದೊಂದಿಗಿನ ಅಣು ಒಪ್ಪಂದಕ್ಕೆ ಸಹಿಯಾಯಿತೆಂದು 2003ರ ಇರಾಕ್ ದಾಳಿಯನ್ನು ಹಗುರ ಮಾಡುತ್ತಾರೆ. ಒಪ್ಪಂದದ ಲಾಭವನ್ನಾದರೂ ಸರಿಯಾಗಿ ಬರೆಯಬೇಕಲ್ಲ! ಘಟ್ಟದ ಮಗ್ಗುಲಲ್ಲೇ ಇರುವ ಕೈಗಾ ಅಣು ಸ್ಥಾವರದ ನಾಲ್ಕು ಘಟಕಗಳು ಅಂತರರಾಷ್ಟ್ರೀಯ ತಪಾಸಣೆಯ ಪಟ್ಟಿಯಲ್ಲಿಲ್ಲ, ಆಮದು ಯುರೇನಿಯಂ ಅಲ್ಲಿಗೆ ಹೋಗುವಂತಿಲ್ಲ. ಹೊರಗಿನ ಇಂಧನ ಬೇರೆ ಸ್ಥಾವರಗಳಿಗೆ ಸಿಕ್ಕಿದ್ದರಿಂದ ದೇಶದೊಳಗಿನ ಯುರೇನಿಯಂ ಮೇಲಿನ ಒತ್ತಡ ತಗ್ಗಿತು, ಕೈಗಾಕ್ಕೆ ಆದ ಅನುಕೂಲ ಅಷ್ಟು.

ತೀರ್ಪನ್ನು ಹತ್ತು ಸಾಲಿಗೆ ಮೀರದಂತೆ ಬರೆದು ಕೆಳಗೆ ದಿನಾಂಕ ಹಾಕಿ. ಪಕ್ಕದಲ್ಲೇ, ಯಾವ ಕಡತಗಳು ಇನ್ನೂ ತೆರೆದಿಲ್ಲ, ಅವುಗಳಲ್ಲಿ ಏನು ಸಿಕ್ಕರೆ ನಿಮ್ಮ ತೀರ್ಪು ಬದಲಾಗುತ್ತದೆ ಎಂಬುದನ್ನೂ ಬರೆಯಿರಿ.