ಎರಡು ಕ್ಲಿಕ್ಕಿಗೆ ಸರಿಯಾದ ಪ್ರೋಗ್ರಾಂ: ಡಿಟಿಪಿ ಅಂಗಡಿಯ ಆರು ಕಂಪ್ಯೂಟರ್‌ಗಳನ್ನು ಟರ್ಮಿನಲ್‌ನಿಂದಲೇ ಹದಕ್ಕೆ ತಂದ ಅನುಭವ

ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ಡಿಟಿಪಿ ಅಂಗಡಿಯಲ್ಲಿ ಮದುವೆಯ ಕರೆಯೋಲೆ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳಗಳ ಕರಪತ್ರ ಇವೇ ಮುಖ್ಯ ಕೆಲಸ. ಏಳು ಕಂಪ್ಯೂಟರ್‌ಗಳಲ್ಲಿ ಆರನ್ನು ಡೆಬಿಯನ್ 12 ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಬದಲಾಯಿಸುತ್ತೇನೆ ಎಂದಾಗ, ಇಪ್ಪತ್ತು ವರ್ಷಗಳಿಂದ ಪುಟವಿನ್ಯಾಸದ ಪ್ರೋಗ್ರಾಂ ಪೇಜ್‌ಮೇಕರ್‌ನಲ್ಲೇ ಕೈ ಪಳಗಿದ ನಮ್ಮ ಇಬ್ಬರು ಆಪರೇಟರ್‌ಗಳು ಇದು ಒಂದು ತಿಂಗಳೂ ನಡೆಯುವುದಿಲ್ಲ ಎಂದರು. ಕಂಪ್ಯೂಟರ್ ದುರಸ್ತಿಗೆ ಬರುತ್ತಿದ್ದವರು ಹೊಸ ಯಂತ್ರಗಳಿಗೂ ಲೈಸೆನ್ಸ್‌ಗಳಿಗೂ ಸೇರಿಸಿ 1,40,000 ರೂಪಾಯಿಯ ಆಸುಪಾಸಿನ ಅಂದಾಜುಪಟ್ಟಿ ಕೊಟ್ಟು, ಕೊನೆಗೆ ನೀವು ಇಲ್ಲಿಗೇ ಬರುತ್ತೀರಿ ಎಂದು ಹೇಳಿ ಹೋದರು. ಈಗ ಹದಿನಾಲ್ಕು ತಿಂಗಳಾದವು. ತಪ್ಪು ಪ್ರೋಗ್ರಾಂನಲ್ಲಿ ಫೈಲ್ ತೆರೆದು ಕೆಲಸ ಕೆಟ್ಟದ್ದು ಕಳೆದ ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಆಗಿಲ್ಲ.

ಮೊದಲ ಮೂರು ತಿಂಗಳು ಹಾಗಿರಲಿಲ್ಲ. ಗ್ರಾಹಕರೊಬ್ಬರು ಒಪ್ಪಿಗೆ ಕೊಟ್ಟಿದ್ದ ಕರೆಯೋಲೆಯ ಪಿಡಿಎಫ್, ಎರಡು ಕ್ಲಿಕ್ ಮಾಡಿದಾಗ ಪಿಡಿಎಫ್ ನೋಡಲಷ್ಟೇ ಇರುವ ಎವಿನ್ಸ್ ಬದಲು ಚಿತ್ರ ತಿದ್ದುವ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆಯಿತು. ಆಪರೇಟರ್ ಗಮನಿಸದೆ ಅಲ್ಲಿಂದಲೇ ಮತ್ತೆ ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕಳುಹಿಸಿದರು. ‘ಆತ್ಮೀಯ’ದ ಮ ಒತ್ತು ತಕಾರದ ಕೆಳಗೆ ಕೂರದೆ ಬಲಕ್ಕೆ ಜಾರಿ, ಮುಂದಿನ ಅಕ್ಷರದ ಕಾಲಿಗೆ ತಗುಲಿಕೊಂಡಿತ್ತು. ವಧುವಿನ ಅಜ್ಜಿಯ ಹೆಸರು ಲಕ್ಷ್ಮಮ್ಮ. ಅದರ ಒತ್ತುಗಳ ಗತಿಯನ್ನು ಬರೆಯಲು ಈಗಲೂ ನನಗೆ ಮನಸ್ಸಿಲ್ಲ. ನಾನೂರು ಕಾರ್ಡ್‌ಗಳನ್ನು ಮತ್ತೆ ಮುದ್ರಿಸಿಕೊಟ್ಟೆ. ಕಾಗದ, ಫಾಯಿಲ್, ಪ್ರೆಸ್ಸಿನ ಕೂಲಿ ಸೇರಿ ಸುಮಾರು 11,000 ರೂಪಾಯಿ ಕೈಬಿಟ್ಟಿತು. ಪಿಡಿಎಫ್ ತೆರೆಯಬಲ್ಲೆವೆಂದು ಡ್ರಾ, ಗಿಂಪ್, ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂಗಳು ಮೂರೂ ಹೇಳಿಕೊಳ್ಳುತ್ತವೆ; ನಾವು ಸ್ಪಷ್ಟವಾಗಿ ಒಂದನ್ನು ಗೊತ್ತುಮಾಡದಿದ್ದರೆ ಹೊಸದಾಗಿ ಏನನ್ನಾದರೂ ಇನ್‌ಸ್ಟಾಲ್ ಮಾಡಿದ ದಿನ ಆಯ್ಕೆ ತಾನಾಗಿಯೇ ಬದಲಾಗಬಹುದು.

ಅಂದು ರಾತ್ರಿಯೇ ಎಲ್ಲ ಯಂತ್ರಗಳಲ್ಲೂ ಕುಳಿತು, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಯಾವ ಪ್ರಕಾರದ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂದು ಗೊತ್ತುಮಾಡುವ ಎಕ್ಸ್‌ಡಿಜಿ-ಮೈಮ್ ಡೀಫಾಲ್ಟ್ ಕಮಾಂಡ್ ಕೊಟ್ಟೆ (ಮೈಮ್ ಎಂದರೆ ಫೈಲಿನ ಪ್ರಕಾರದ ಗುರುತು). ಬೆಳಿಗ್ಗೆ ಏನೂ ಬದಲಾಗಿರಲಿಲ್ಲ. ನಾನು ಹಳೆಯ ಅಭ್ಯಾಸದಿಂದ ‘ಎವಿನ್ಸ್ ಡಾಟ್ ಡೆಸ್ಕ್‌ಟಾಪ್’ ಎಂದು ಬರೆದಿದ್ದೆ, ಆದರೆ ಪ್ರೋಗ್ರಾಂನ ವಿವರವಿರುವ ಆ ಡೆಸ್ಕ್‌ಟಾಪ್ ಫೈಲಿನ ನಿಜವಾದ ಹೆಸರು ‘ಆರ್ಗ್ ಡಾಟ್ ಗ್ನೋಮ್ ಡಾಟ್ ಎವಿನ್ಸ್ ಡಾಟ್ ಡೆಸ್ಕ್‌ಟಾಪ್’. ಇಲ್ಲದ ಹೆಸರು ಕೊಟ್ಟರೂ ಆ ಕಮಾಂಡ್ ತಕರಾರಿಲ್ಲದೆ ಬರೆದುಕೊಳ್ಳುತ್ತದೆ. ಎರಡು ಯಂತ್ರಗಳಲ್ಲಿ ಆಡಳಿತಗಾರನ ಅಧಿಕಾರ ಕೊಡುವ ಸುಡೊ ಹಾಕಿ ಓಡಿಸಿದ್ದರಿಂದ ಆಯ್ಕೆಯೆಲ್ಲ ರೂಟ್ ಎಂಬ ಆಡಳಿತಗಾರ ಬಳಕೆದಾರನ ಹೋಮ್ ಫೋಲ್ಡರಿಗೆ ಹೋಗಿ ಕುಳಿತಿತ್ತು. ಅಂದಿನಿಂದ ನನ್ನ ಪದ್ಧತಿಯೇ ಬದಲಾಯಿತು: ಗೊತ್ತುಮಾಡಿದ ಮೇಲೆ ಅದೇ ಪ್ರಕಾರವನ್ನು ಕ್ವೆರಿ ಡೀಫಾಲ್ಟ್‌ನಿಂದ ಮತ್ತೆ ಕೇಳುತ್ತೇನೆ, ಜೊತೆಗೆ ಜಿಐಒ ಮೈಮ್ ಎಂಬ ಇನ್ನೊಂದು ಕಮಾಂಡ್‌ನಿಂದಲೂ ಕೇಳುತ್ತೇನೆ, ಏಕೆಂದರೆ ನಮ್ಮ ಫೈಲ್ ಮ್ಯಾನೇಜರ್ ಥುನಾರ್‌ನಲ್ಲಿ ಎರಡು ಕ್ಲಿಕ್ ಮಾಡಿದಾಗ ನಡೆಯುವುದು ಜಿಐಒ ಹೇಳಿದ ಮಾತು.

ಪಟ್ಟಿಯನ್ನು ಊಹೆಯಿಂದ ಮಾಡಲಿಲ್ಲ. ಎರಡು ವರ್ಷದ ಕೆಲಸದ ಫೋಲ್ಡರಿನಲ್ಲಿದ್ದ ಸುಮಾರು 40,000 ಫೈಲುಗಳ ಮೇಲೆ, ಪ್ರಕಾರ ಹೇಳುವ ‘ಫೈಲ್’ ಕಮಾಂಡನ್ನು ಓಡಿಸಿ, ವಿಂಗಡಿಸಿ ಎಣಿಸಿದಾಗ ಅರವತ್ತೊಂದು ಪ್ರಕಾರಗಳು ಸಿಕ್ಕಿದವು. ಅವನ್ನೆಲ್ಲ ಈ ಆಯ್ಕೆಗಳನ್ನು ಇಡುವ ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್ ಎಂಬ ಒಂದೇ ಫೈಲಿನಲ್ಲಿ ಬರೆದು, ‘ರಿಮೂವ್ಡ್ ಅಸೋಸಿಯೇಷನ್ಸ್’ ವಿಭಾಗದಲ್ಲಿ ಪಿಡಿಎಫ್‌ನ ಎದುರು ಡ್ರಾ, ಗಿಂಪ್, ಇಂಕ್‌ಸ್ಕೇಪ್‌ಗಳನ್ನು ಸೇರಿಸಿದೆ; ಬಲ ಕ್ಲಿಕ್ಕಿನ ಪಟ್ಟಿಯಲ್ಲೂ ಅವು ಕಾಣಬಾರದು ಎಂಬುದು ನನ್ನ ಹಟವಾಗಿತ್ತು. ಬಹಳ ಮಂದಿ ಈ ವಿಭಾಗವನ್ನು ಮುಟ್ಟುವುದೇ ಇಲ್ಲ, ಆದರೆ ನನ್ನ ಅನುಭವದಲ್ಲಿ ಅರ್ಧ ಗೆಲುವು ಇದರಲ್ಲಿಯೇ ಇದೆ.

ಆ ಫೈಲನ್ನು ಉಳಿಸಿಕೊಳ್ಳುವುದು ಅದನ್ನು ಬರೆಯುವುದಕ್ಕಿಂತ ಕಷ್ಟವಾಯಿತು. ಮೊದಲು ಹಂಚಿಕೆಯ ಫೋಲ್ಡರಿನಿಂದ ಸಿಮ್‌ಲಿಂಕ್ (ಮೂಲ ಫೈಲನ್ನು ತೋರಿಸುವ ಕೊಂಡಿ) ಕೊಟ್ಟೆ. ಯಾರೋ ‘ಇದನ್ನೇ ಡೀಫಾಲ್ಟ್ ಮಾಡು’ ಎಂದು ಒತ್ತಿದೊಡನೆ ಲಿಂಕ್ ಮಾಯವಾಗಿ ಅದರ ಜಾಗದಲ್ಲಿ ಸಾಮಾನ್ಯ ಫೈಲ್ ಬಂದಿತ್ತು. ಬರಹದ ಅನುಮತಿ ತೆಗೆದು 444 ಮಾಡಿದೆ. ಅದೂ ನಿಲ್ಲಲಿಲ್ಲ, ಏಕೆಂದರೆ ಫೈಲ್ ಮ್ಯಾನೇಜರ್ ಹಳೆಯ ಫೈಲಿನೊಳಗೆ ಬರೆಯದೆ ಹೊಸದೊಂದನ್ನು ಬರೆದು ಅದೇ ಹೆಸರಿನಿಂದ ಜಾಗ ಬದಲಾಯಿಸುತ್ತದೆ, ಅದಕ್ಕೆ ಫೋಲ್ಡರಿನ ಅನುಮತಿ ಸಾಕು. ಕೊನೆಗೆ ನಿಂತದ್ದು ಫೈಲನ್ನು ಯಾರೂ ಬದಲಾಯಿಸದಂತೆ ಬೀಗ ಹಾಕುವ ಚಾಟರ್ ಪ್ಲಸ್ ಐ ಕಮಾಂಡ್. ಈಗ ರಾತ್ರಿ ಫೈಲುಗಳ ಪ್ರತಿ ಹಂಚುವ ಆರ್‌ಸಿಂಕ್ ಬರುವ ಮುನ್ನ ಸ್ಕ್ರಿಪ್ಟ್ ಬೀಗ ತೆಗೆಯುತ್ತದೆ, ಹೊಸ ಪ್ರತಿ ಇಡುತ್ತದೆ, ಮತ್ತೆ ಬೀಗ ಹಾಕುತ್ತದೆ. ಡೆಸ್ಕ್‌ಟಾಪ್ ಪರಿಸರದ ಹೆಸರು ಮುಂದಿರುವ ಇನ್ನೊಂದು ಮೈಮ್‌ಆ್ಯಪ್ಸ್ ಫೈಲ್ ಅದೇ ಫೋಲ್ಡರಿನಲ್ಲಿದ್ದರೆ ಅದರ ಮಾತೇ ಮೊದಲು ನಡೆಯುವುದರಿಂದ, ಸ್ಕ್ರಿಪ್ಟ್ ಅಂಥದನ್ನು ಹುಡುಕಿ ಅಳಿಸುತ್ತದೆ.

ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಕೊಟ್ಟ ಕಾಟ ಬೇರೆಯೇ. ಹಳೆಯ ಪೇಜ್‌ಮೇಕರ್ 7.0 ನಮಗೆ ಈಗಲೂ ಬೇಕು, ಅದನ್ನು ವೈನ್‌ನಲ್ಲಿ ಓಡಿಸುತ್ತೇವೆ. ಇನ್‌ಸ್ಟಾಲ್ ಮಾಡಿದ ಮರುದಿನ ಸಾದಾ ಪಠ್ಯದ ಫೈಲುಗಳೆಲ್ಲ ವೈನ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆಯತೊಡಗಿದವು. ಹುಡುಕಿದಾಗ ಹೋಮ್ ಫೋಲ್ಡರಿನ ಅಪ್ಲಿಕೇಷನ್ಸ್ ಒಳಗೆ ‘ವೈನ್-ಎಕ್ಸ್‌ಟೆನ್ಷನ್’ ಎಂದು ಆರಂಭವಾಗುವ ಹತ್ತಾರು ಡೆಸ್ಕ್‌ಟಾಪ್ ಫೈಲುಗಳೂ, ಮೈಮ್ ಪ್ಯಾಕೇಜಸ್ ಒಳಗೆ ಪ್ರಕಾರಗಳನ್ನು ವಿವರಿಸುವ ಅವುಗಳ ಎಕ್ಸ್‌ಎಂಎಲ್ ಫೈಲುಗಳೂ ಸಿಕ್ಕಿದವು. ಅಳಿಸಿದರೆ ಮತ್ತೆ ಹುಟ್ಟುತ್ತಿದ್ದವು. ವೈನ್‌ನ ಡಿಎಲ್‌ಎಲ್ ಓವರ್‌ರೈಡ್ ಸೆಟ್ಟಿಂಗ್‌ನಲ್ಲಿ, ಇವನ್ನು ಹುಟ್ಟಿಸುವ ವೈನ್‌ಮೆನುಬಿಲ್ಡರ್ ಅನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಅಳಿಸಿ, ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್ ಮತ್ತು ಅಪ್‌ಡೇಟ್-ಮೈಮ್-ಡೇಟಾಬೇಸ್ ಓಡಿಸಿದ ಮೇಲೆ ಮರಳಿ ಬಂದಿಲ್ಲ. ಈ ಕ್ರಮ ತಪ್ಪಿದರೆ ಕೆಲಸ ವ್ಯರ್ಥ. ನನ್ನದು ಮೂರು ಸಂಜೆ ಹೋಯಿತು.

ಕನ್ನಡ ಟೈಪಿಂಗ್ ಪ್ರೋಗ್ರಾಂ ‘ಬರಹ’ದ ಬಿಆರ್‌ಎಚ್ ಫೈಲುಗಳಿಗೆ ಸ್ವಂತ ಪ್ರಕಾರವನ್ನು ಮಾಡಿಕೊಳ್ಳಬೇಕಾಯಿತು. ಎಕ್ಸ್‌ಡಿಜಿ-ಮೈಮ್ ಇನ್‌ಸ್ಟಾಲ್ ಮಾಡುವಾಗ ಎಕ್ಸ್‌ಎಂಎಲ್ ಹೆಸರಿನ ಮುಂದೆ ಅಡ್ಡಗೆರೆಯೊಂದಿಗೆ ಒಂದು ವೆಂಡರ್ ಹೆಸರಿರಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ, ಅದಷ್ಟೇ ತೊಡಕು. ವಿನ್ಯಾಸದ ಪ್ರೋಗ್ರಾಂ ಕೋರೆಲ್‌ಡ್ರಾದ ಫೈಲುಗಳಲ್ಲಿ ಮಾತ್ರ ಎಚ್ಚರ ಬೇಕು. ಎಕ್ಸ್4 ಆವೃತ್ತಿಯಿಂದ ಈಚಿನವು ಒಳಗೆ ಜಿಪ್ ಆಗಿರುತ್ತವೆ. ಮೊಬೈಲ್‌ನಿಂದ ಬಂದು ಹೆಸರಿನ ಬಾಲದಲ್ಲಿರುವ ಸಿಡಿಆರ್ ಕಳೆದುಕೊಂಡವು ಆರ್ಕೈವ್ ಮ್ಯಾನೇಜರ್‌ನಲ್ಲಿ ತೆರೆದು, ಗ್ರಾಹಕರು ಕೆಟ್ಟ ಫೈಲ್ ಕೊಟ್ಟಿದ್ದಾರೆ ಎಂಬ ಜಗಳಕ್ಕೆ ದಾರಿಯಾಗುತ್ತಿತ್ತು. ಈಗ ಒಳಬರುವ ಫೋಲ್ಡರಿನಲ್ಲೇ ಅಂಥವನ್ನು ಗುರುತಿಸಿ ಬಾಲ ಸೇರಿಸುತ್ತೇನೆ. ಜಿಪ್ಪಿನೊಳಗೆ ಯಾವುದನ್ನು ನೋಡಿ ಗುರುತಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು.

ಇದೇ ಹಾದಿಯಲ್ಲಿ ಹುಟ್ಟಿದ ಇನ್ನೊಂದು ಪ್ರಯೋಗ ಕನ್ನಡ ಟೈಪಿಂಗ್ ಪ್ರೋಗ್ರಾಂ ‘ನುಡಿ’ಯ ಪಠ್ಯದ್ದು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪಠ್ಯವೂ ಯೂನಿಕೋಡ್ ಪಠ್ಯವೂ ಮೈಮ್‌ನ ಕಣ್ಣಿಗೆ ಒಂದೇ, ಎರಡೂ ಸಾದಾ ಪಠ್ಯ. ಆದರೆ ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತವೂ ಇ0 ಬಿ2 ಅಥವಾ ಇ0 ಬಿ3 ಎಂಬ ಬೈಟುಗಳಿಂದಲೇ ಶುರುವಾಗುತ್ತದೆ. ಹಾಗಾಗಿ ಸಾದಾ ಪಠ್ಯದ ಡೀಫಾಲ್ಟ್ ಆಗಿ ಎಡಿಟರ್ ಬದಲು ನನ್ನದೇ ಸಣ್ಣ ಸ್ಕ್ರಿಪ್ಟಿಗೆ ಡೆಸ್ಕ್‌ಟಾಪ್ ಫೈಲ್ ಬರೆದು ಕೂರಿಸಿದೆ. ಅದು ಬೈಟುಗಳನ್ನು ನೋಡಿ ಯೂನಿಕೋಡ್ ಆದರೆ ನೇರವಾಗಿ ತೆರೆಯುತ್ತದೆ, ನುಡಿಯಾದರೆ ಪರಿವರ್ತಿಸಿ ಪ್ರತಿಯನ್ನು ತೆರೆಯುತ್ತದೆ. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು. ‘ಸೂರ್ಯ’ ಸರಿಯಾಗಿ ಬಂದರೆ ಮಿಕ್ಕದ್ದು ಬಂದಂತೆ. ನೂರಕ್ಕೆ ತೊಂಬತ್ತೈದರಷ್ಟು ಫೈಲುಗಳು ಕೈ ಮುಟ್ಟದೆ ಬರುತ್ತಿವೆ. ಬದಲಾವಣೆಗಳ ಕ್ರಮ ಅಂಗಡಿಯ ಗುಟ್ಟು.

ಉಳಿದ ಒಂದು ವಿಂಡೋಸ್ 10 ಯಂತ್ರದಲ್ಲಿ ಫೈಲಿಗೆ ಪ್ರೋಗ್ರಾಂ ಜೋಡಿಸುವ ಅಸೋಕ್, ಎಫ್‌ಟೈಪ್ ಕಮಾಂಡ್‌ಗಳಿಂದ ಎರಡು ರಾತ್ರಿ ಹೆಣಗಿದೆ. ಬಳಕೆದಾರನ ಆಯ್ಕೆಗೆ ಅಲ್ಲಿ ಹ್ಯಾಶ್ (ಲೆಕ್ಕದಿಂದ ಬಂದ ಗುರುತಿನ ಮುದ್ರೆ) ಕಾವಲಿರುವುದರಿಂದ ಸ್ಕ್ರಿಪ್ಟಿನ ಮಾತು ನಡೆಯಲಿಲ್ಲ. ಡಿಸ್ಮ್ ಎಂಬ ವಿಂಡೋಸ್ ಕಮಾಂಡ್‌ನಿಂದ ಪಟ್ಟಿಯನ್ನು ಆಮದು ಮಾಡಿದರೆ ಅದು ಹೊಸ ಖಾತೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹೊಸ ಖಾತೆ ತೆರೆದೆ, ಸರಿಹೋಯಿತು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಆರು 240 ಜಿಬಿ ಎಸ್‌ಎಸ್‌ಡಿಗಳಿಗೆ ಸುಮಾರು 9,500, ಬಳಸಿದ ರ‍್ಯಾಮ್‌ಗೆ 2,800, ಆ ಮರುಮುದ್ರಣದ 11,000: ಎಲ್ಲ ಸೇರಿ 23,000 ದಾಟಿದ್ದು ಅಷ್ಟಕ್ಕಷ್ಟೆ.

ಪ್ರತಿದಿನ ಬೆಳಿಗ್ಗೆ ಯಂತ್ರಗಳು ಎದ್ದಾಗ ಅರವತ್ತೊಂದು ಪ್ರಶ್ನೆಗಳಿಗೆ ಉತ್ತರ ಕೇಳಿ ಫಲಿತಾಂಶವನ್ನು ನನ್ನ ಯಂತ್ರಕ್ಕೆ ಬರೆಯುತ್ತವೆ. ಕಳೆದ ತಿಂಗಳು ಮೂರನೆಯ ಯಂತ್ರ ಅರವತ್ತು ಎಂದಿತು. ಯಾರೋ ಡೆಬಿಯನ್‌ನ ಲಿಬ್ರೆಆಫೀಸ್ ಪ್ಯಾಕೇಜ್ ತೆಗೆದು ಫ್ಲಾಟ್‌ಪ್ಯಾಕ್ ಎಂಬ ಬೇರೆ ರೂಪದ ಪ್ಯಾಕೇಜನ್ನು ಹಾಕಿದ್ದರು. ಡೆಸ್ಕ್‌ಟಾಪ್ ಫೈಲಿನ ಹೆಸರು ಬದಲಾಗಿ ಪೇಜ್‌ಮೇಕರ್ ಫೈಲುಗಳನ್ನು ಇಣುಕಿ ನೋಡಲು ಇಟ್ಟುಕೊಂಡಿದ್ದ ಡ್ರಾ ಪಟ್ಟಿಯಿಂದ ಬಿದ್ದಿತ್ತು, ಅದೇ ಡ್ರಾ ಪಿಡಿಎಫ್‌ನ ಬಲ ಕ್ಲಿಕ್ಕಿನಲ್ಲಿ ಮತ್ತೆ ತಲೆ ಎತ್ತಿತ್ತು. ಎರಡೂ ಕಡೆ ಹೊಸ ಹೆಸರನ್ನು ಸೇರಿಸಿದೆ, ಅಂಗಡಿಯ ಶಟರ್ ಪೂರ್ತಿ ಮೇಲೇರುವಷ್ಟರಲ್ಲಿ ಅರವತ್ತೊಂದು ಬಂತು.